ಒಲೆ ಹಚ್ಚದೆ ಐದು ದಿನ: ಮನೆಗೊಂದು ತುರ್ತು ಆಹಾರದ ದಾಸ್ತಾನು

ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ದಿನಸಿಗೆ ಬರ ಅಪರೂಪ. ಡ್ರಮ್ಮಿನಲ್ಲಿ ಅಕ್ಕಿ, ಡಬ್ಬದಲ್ಲಿ ರಾಗಿಹಿಟ್ಟು, ತೊಗರಿಬೇಳೆ, ಹುರುಳಿಕಾಳು ಇದ್ದೇ ಇರುತ್ತವೆ. ಆದರೆ ಗ್ಯಾಸ್ ಮುಗಿದು, ಕರೆಂಟು ಹೋಗಿ, ನಲ್ಲಿಯೂ ನಿಂತ ದಿನ ಆ ಅಕ್ಕಿಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಒಂದು ಕೆ.ಜಿ. ಅಕ್ಕಿ ಅನ್ನವಾಗಲು ಎರಡು, ಎರಡೂವರೆ ಲೀಟರ್ ನೀರು ಬೇಕು. ತೊಳೆಯಲು, ಆಮೇಲೆ ಪಾತ್ರೆ ಉಜ್ಜಲು ಬೇರೆ ನೀರು. ಮುದ್ದೆ ತೊಳೆಸುವುದಕ್ಕೂ ಉರಿ ಬೇಕು, ಜೊತೆಗೆ ಸಾರು ಬೇರೆ ಆಗಬೇಕು. ಆದ್ದರಿಂದ ತುರ್ತಿಗೆಂದು ಯಾವ ಪದಾರ್ಥ ಆರಿಸುವಾಗಲೂ ಎರಡು ಪ್ರಶ್ನೆ ಮೊದಲು ಕೇಳಿಕೊಳ್ಳಿ: ಇದಕ್ಕೆ ಎಷ್ಟು ಉರಿ ಬೇಕು? ಎಷ್ಟು ನೀರು ಬೇಕು?

ನಮ್ಮ ಕಡೆ ತೊಂದರೆ ಬರುವ ದಾರಿಗಳೂ ಗೊತ್ತಿರುವಂಥವೇ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಎದ್ದಾಗ ಬೆಂಗಳೂರು–ಮೈಸೂರು ಹೆದ್ದಾರಿಯೇ ಬಂದ್. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮೈಸೂರು–ನಂಜನಗೂಡು ರಸ್ತೆ ನೀರಿನಲ್ಲಿ ಮುಳುಗಿತು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಎಂದ ಕೂಡಲೇ ದಿನಸಿ ಅಂಗಡಿಗಳ ಮುಂದೆ ಸಾಲು ಬೆಳೆಯಿತು. ಇದಲ್ಲದೆ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿರುವುದು, ಪಂಪಿಂಗ್ ಸ್ಟೇಷನ್ನಿನಲ್ಲಿ ವಿದ್ಯುತ್ ಕೈಕೊಟ್ಟು ಇಡೀ ಬಡಾವಣೆಗೆ ನೀರು ಬಾರದಿರುವುದು, ಮನೆಮಂದಿಗೆಲ್ಲ ಒಟ್ಟಿಗೇ ಜ್ವರ ಬಂದು ಅಡುಗೆಮನೆಗೆ ಹೋಗುವವರೇ ಇಲ್ಲವಾಗುವುದು. ಇವುಗಳಲ್ಲಿ ಹೆಚ್ಚಿನವು ಮೂರರಿಂದ ಐದು ದಿನದೊಳಗೆ ಒಂದು ಹದಕ್ಕೆ ಬರುತ್ತವೆ. ಹಾಗಾಗಿ ಐದು ದಿನದ ಲೆಕ್ಕ ಹಿಡಿದರೆ ಸಾಕು. ಮೂರು ತಿಂಗಳಿಗೆಂದು ಗುಡ್ಡೆ ಹಾಕಿದವರ ಮನೆಯಲ್ಲಿ ಅರ್ಧ ನುಸಿಗೆ, ಇನ್ನರ್ಧ ಕಸದ ಗಾಡಿಗೆ ಹೋಗುತ್ತದೆ.

ಮೊದಲು ನೀರು

ಊಟದ ಪಟ್ಟಿಗಿಂತ ಮುಂಚೆ ನೀರಿನದು. ಕುಡಿಯಲು ಮತ್ತು ತಿನ್ನುವುದನ್ನು ಹದ ಮಾಡಲು ಒಬ್ಬರಿಗೆ ದಿನಕ್ಕೆ 4 ಲೀಟರ್. ನಾಲ್ಕು ಜನ, ಐದು ದಿನ ಎಂದರೆ 80 ಲೀಟರ್, ಅಂದರೆ 20 ಲೀಟರಿನ ನಾಲ್ಕು ಕ್ಯಾನ್. ಸ್ನಾನ, ಶೌಚಾಲಯದ ನೀರು ಇದರಲ್ಲಿ ಸೇರಿಲ್ಲ. ಅದಕ್ಕೆ ಸಂಪಿನ ನೀರು ಆಗುತ್ತದೆ, ಆದರೆ ಮೋಟರ್ ಓಡದಿದ್ದಾಗ ಸಂಪಿನಿಂದ ಎತ್ತಲು ಹಗ್ಗ ಕಟ್ಟಿದ ಬಕೆಟ್ ಒಂದು ಮನೆಯಲ್ಲಿರಬೇಕು. ಸಂಪಿನ ಮುಚ್ಚಳ ಎತ್ತಲು ಬೇಕಾದ ಕಬ್ಬಿಣದ ಕೊಕ್ಕೆಯೂ ಎಲ್ಲಿದೆ ಎಂದು ಈಗಲೇ ನೋಡಿಕೊಳ್ಳಿ.

ಬಹಳ ಮನೆಗಳು ಮರೆಯುವ ಸಂಗತಿ: ಆರ್‌ಒ ಫಿಲ್ಟರ್ ಕರೆಂಟು ಇಲ್ಲದೆ ಒಂದು ಲೋಟ ನೀರನ್ನೂ ಕೊಡುವುದಿಲ್ಲ. ಬೋರ್‌ವೆಲ್ಲಿನ ಕಥೆಯೂ ಅದೇ. ಶುದ್ಧ ನೀರಿನ ಘಟಕಕ್ಕೂ ಕರೆಂಟೇ ಬೇಕು. ಆದ್ದರಿಂದ ತುಂಬಿದ ಎರಡು ಕ್ಯಾನ್ ಯಾವಾಗಲೂ ಇರಲಿ. ಮಳೆಗಾಲದ ಎಚ್ಚರಿಕೆ ಬಂದಾಗ, ಬಂದ್ ಘೋಷಣೆಯಾದಾಗ ಉಳಿದೆರಡನ್ನೂ ತುಂಬಿಸಿ. ಮನೆಯಲ್ಲೇ ತುಂಬಿಟ್ಟ ನೀರನ್ನು ತಿಂಗಳಿಗೊಮ್ಮೆ ಗಿಡಕ್ಕೆ ಸುರಿದು ಹೊಸದಾಗಿ ತುಂಬಿ. ಕ್ಯಾನು ಬಿಸಿಲಿಗೆ ಬಿದ್ದರೆ ಒಳಗೆ ಪಾಚಿ ಕಟ್ಟುತ್ತದೆ. ಸೀಮೆಎಣ್ಣೆ, ಫಿನಾಯಿಲ್, ಪೇಂಟಿನ ಡಬ್ಬದ ಪಕ್ಕ ಇಟ್ಟರೆ ನೀರಿಗೂ ಅದರ ವಾಸನೆ ಹತ್ತುತ್ತದೆ.

ಸಂಪಿನ ನೀರನ್ನೇ ಕುಡಿಯಬೇಕಾಗಿ ಬಂದರೆ ಮೊದಲು ತಿಳಿಯಾಗಲು ಬಿಡಿ. ಆಮೇಲೆ ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಸೋಸಿ, ಮೇಲೆ ಕೆಳಗೆ ಕುದಿ ಏಳುವ ಹಾಗೆ ಪೂರ್ತಿ ಒಂದು ನಿಮಿಷ ಕುದಿಸಿ. ಕುದಿಸುವಷ್ಟು ಗ್ಯಾಸ್ ಇಲ್ಲದಿದ್ದರೆ ಕ್ಲೋರಿನ್ ಮಾತ್ರೆ ಬಳಸಿ. ಎಷ್ಟು ಲೀಟರಿಗೆ ಒಂದು ಎಂಬುದು ಮಾತ್ರೆಯ ಪೊಟ್ಟಣದ ಮೇಲೆ ಬರೆದಿರುತ್ತದೆ, ಕಂಪನಿಯಿಂದ ಕಂಪನಿಗೆ ಬೇರೆ. ಹಾಕಿ ಅರ್ಧ ಗಂಟೆ ಕಾಯಬೇಕು. ಕದಡಿದ ನೀರಿಗೆ ಹಾಕಿದ ಮಾತ್ರೆ ಅರ್ಧಂಬರ್ಧ ಕೆಲಸ ಮಾಡುತ್ತದೆ, ಅದಕ್ಕೇ ಸೋಸುವುದು ಮೊದಲು.

ಮೂರು ಮೆಟ್ಟಿಲು

ತಿನ್ನುವ ಪದಾರ್ಥಗಳನ್ನು ಮೂರು ಗುಂಪು ಮಾಡಿ, ಮೂರು ಬೇರೆ ಡಬ್ಬ ಅಥವಾ ಚೀಲದಲ್ಲಿ ಇಡಿ.

ಮೊದಲನೆಯದು, ಉರಿಯೂ ಬೇಡ, ನೀರೂ ಹೆಚ್ಚು ಬೇಡ: ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ, ಬೆಲ್ಲ, ರಸ್ಕ್, ಬಿಸ್ಕತ್ತು, ಖರ್ಜೂರ, ಕೋಡುಬಳೆ, ನಿಪ್ಪಟ್ಟು, ತೆಳು ಅವಲಕ್ಕಿ, ಹುರಿಹಿಟ್ಟು, ಪೌಚಿನಲ್ಲಿ ಬರುವ ಸಿದ್ಧ ಆಹಾರ, ಟೆಟ್ರಾ ಪ್ಯಾಕಿನ ಹಾಲು. ದಾಸ್ತಾನಿನ ಮುಕ್ಕಾಲು ಭಾಗ ಇದೇ ಆಗಿರಲಿ.

ಎರಡನೆಯದು, ಬಿಸಿನೀರು ಸುರಿದರೆ ಆಗುವುದು: ಕಪ್ಪಿನಲ್ಲಿ ಬರುವ ಅವಲಕ್ಕಿ, ಉಪ್ಪಿಟ್ಟು, ಪೊಂಗಲ್, ಸೂಪ್ ಪುಡಿ. ಬೆಳಗ್ಗೆ ಒಂದೇ ಸಲ ನೀರು ಕುದಿಸಿ ಒಂದು ಲೀಟರಿನ ಒಳ್ಳೆಯ ಫ್ಲಾಸ್ಕಿಗೆ ತುಂಬಿಟ್ಟರೆ ಎರಡು ಹೊತ್ತಿಗೆ ಬರುತ್ತದೆ. ಇಲ್ಲಿ ಎಡವಟ್ಟಾಗುವುದು ಸಂಜೆಗೆ. ಅಷ್ಟರಲ್ಲಿ ಫ್ಲಾಸ್ಕಿನ ನೀರು ಬೆಚ್ಚಗೆ ಮಾತ್ರ ಉಳಿದಿರುತ್ತದೆ, ಅದನ್ನು ಸುರಿದರೆ ಒಳಗಿನ ರವೆ ಗಟ್ಟಿಯಾಗಿಯೇ ಉಳಿಯುತ್ತದೆ. ಕಪ್ಪಿನ ಪದಾರ್ಥಗಳನ್ನು ಬೆಳಗ್ಗೆಯೇ ಮುಗಿಸಿ, ಸಂಜೆಗೆ ಪೌಚು ಇಟ್ಟುಕೊಳ್ಳಿ. ಫ್ಲಾಸ್ಕಿಗೆ ನೀರು ತುಂಬುವ ಮೊದಲು ಸ್ವಲ್ಪ ಕುದಿನೀರು ಹಾಕಿ ಕುಲುಕಿ ಚೆಲ್ಲಿದರೆ ಬಿಸಿ ಇನ್ನಷ್ಟು ಹೊತ್ತು ನಿಲ್ಲುತ್ತದೆ.

ಮೂರನೆಯದು, ಹತ್ತು ನಿಮಿಷದ ಉರಿಯಲ್ಲಿ ಆಗುವುದು: ರವೆ ಇಡ್ಲಿ ಅಲ್ಲ, ದೋಸೆ ಅಲ್ಲ. ಉಪ್ಪಿಟ್ಟಿನ ಮಿಕ್ಸ್, ಶಾವಿಗೆ, ನೂಡಲ್ಸ್, ರವೆ ಗಂಜಿ. ಇದು ಕಾಲು ಭಾಗಕ್ಕಿಂತ ಹೆಚ್ಚಿರಬಾರದು. ಉಪ್ಪಿಟ್ಟಿನ ಮಿಕ್ಸ್ ಒಂದು ಲೋಟಕ್ಕೆ ಎರಡೂವರೆಯಿಂದ ಮೂರು ಲೋಟ ನೀರು ಕುಡಿಯುತ್ತದೆ ಎಂಬುದು ನೆನಪಿರಲಿ.

ನಾಲ್ಕು ಜನ, ಐದು ದಿನ: ಎಷ್ಟೆಷ್ಟು?

ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 2,000 ಕ್ಯಾಲೊರಿ ಎಂದಿಟ್ಟುಕೊಂಡರೆ ನಾಲ್ವರಿಗೆ ಐದು ದಿನಕ್ಕೆ 40,000. ಕೆಳಗಿನ ಪಟ್ಟಿ ಹೆಚ್ಚುಕಡಿಮೆ ಅಷ್ಟಕ್ಕೆ ಬರುತ್ತದೆ.

- ಅವಲಕ್ಕಿ 2.5 ಕೆ.ಜಿ. (ತೆಳು ಒಂದೂವರೆ, ಮಧ್ಯಮ ಒಂದು): ಸುಮಾರು 8,700
- ರಾಗಿ ಹುರಿಹಿಟ್ಟು 1.5 ಕೆ.ಜಿ.: ಸುಮಾರು 5,000
- ಹುರಿದ ಕಡಲೆಕಾಯಿ ಬೀಜ 1 ಕೆ.ಜಿ.: ಸುಮಾರು 5,600
- ಹುರಿಗಡಲೆ 1 ಕೆ.ಜಿ.: ಸುಮಾರು 3,600
- ಬೆಲ್ಲ 1 ಕೆ.ಜಿ.: ಸುಮಾರು 3,800
- ರಸ್ಕ್, ಬಿಸ್ಕತ್ತು ಸೇರಿ 1 ಕೆ.ಜಿ.: ಸುಮಾರು 4,200
- ಸಿದ್ಧ ಆಹಾರದ ಪೌಚು 10: ಸುಮಾರು 3,500
- ಉಪ್ಪಿಟ್ಟು ಮಿಕ್ಸ್ 1 ಕೆ.ಜಿ.: ಸುಮಾರು 4,000
- ಕೆನೆ ಇರುವ ಹಾಲಿನ ಪುಡಿ ಅರ್ಧ ಕೆ.ಜಿ.: ಸುಮಾರು 2,400

ಇದಕ್ಕೆ ಪುಳಿಯೋಗರೆ ಗೊಜ್ಜು ಒಂದು ಬಾಟಲ್, ಚಟ್ನಿಪುಡಿ, ಉಪ್ಪಿನಕಾಯಿ, ಉಪ್ಪು, ಸಕ್ಕರೆ, ಕಾಫಿಪುಡಿ ಸೇರಿಸಿ. ಕಾಫಿ ವಿಚಾರದಲ್ಲಿ ಮಾತ್ರ ಫಿಲ್ಟರ್ ಬಿಟ್ಟು ಇನ್‌ಸ್ಟಂಟ್ ಪುಡಿಗೆ ಒಪ್ಪಿಕೊಳ್ಳಲೇಬೇಕು. ಡಿಕಾಕ್ಷನ್‌ಗೆ ಬೇಕಾದ ಕುದಿನೀರು, ಫಿಲ್ಟರ್ ತೊಳೆಯುವ ನೀರು ಎರಡೂ ಆ ದಿನಗಳಲ್ಲಿ ದುಬಾರಿ.

ಪಟ್ಟಿಯಲ್ಲಿ ಪೌಚುಗಳ ಪಾಲು ಎಷ್ಟು ಸಣ್ಣದು ನೋಡಿ. ಮುನ್ನೂರು ಗ್ರಾಮಿನ ಬಿಸಿಬೇಳೆಬಾತ್ ಪೌಚಿನಲ್ಲಿ ಬಹುಪಾಲು ನೀರೇ. ಅದರಿಂದ 300ರಿಂದ 400 ಕ್ಯಾಲೊರಿ ಸಿಗುತ್ತದೆ. ನೂರು ಗ್ರಾಂ ಅವಲಕ್ಕಿಯಲ್ಲೂ ಅಷ್ಟೇ ಇದೆ, ಬೆಲೆ ಮಾತ್ರ ಪೌಚಿಗೆ ಹಲವು ಪಟ್ಟು. ಬರೀ ಪೌಚಿನಲ್ಲೇ ಐದು ದಿನ ತಳ್ಳುತ್ತೇವೆ ಎಂದರೆ ನಾಲ್ವರಿಗೆ ನೂರಕ್ಕೂ ಹೆಚ್ಚು ಪೌಚು ಬೇಕು. ದಿನಕ್ಕೆ ಎರಡು ಪೌಚು ಒಡೆದು ನಾಲ್ವರು ಹಂಚಿಕೊಂಡು, ಹೊಟ್ಟೆ ತುಂಬಲು ಅವಲಕ್ಕಿ, ಹುರಿಹಿಟ್ಟು ನೆಚ್ಚಿಕೊಳ್ಳುವುದು ಜಾಣತನ. ಬಿಸಿ ಅಡುಗೆಯ ರುಚಿ ದಿನಕ್ಕೊಮ್ಮೆ ನಾಲಿಗೆಗೆ ತಗುಲಿದರೆ ಉಳಿದದ್ದನ್ನು ಮಕ್ಕಳೂ ತಕರಾರಿಲ್ಲದೆ ತಿನ್ನುತ್ತಾರೆ.

ಪುರಿಯನ್ನು (ಮಂಡಕ್ಕಿ) ಪಟ್ಟಿಗೆ ಸೇರಿಸಿಲ್ಲ. ಹಗುರ, ಅಗ್ಗ, ಎಲ್ಲರಿಗೂ ಇಷ್ಟ, ನಿಜ. ಆದರೆ ಒಂದು ಕೆ.ಜಿ. ಪುರಿ ಅರ್ಧ ಬೀರು ತುಂಬುತ್ತದೆ, ಮಳೆಗಾಲದಲ್ಲಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಪೌಚಿನ ಸಿದ್ಧ ಆಹಾರ ಮೈಸೂರಿಗೆ ಹೊಸದಲ್ಲ. 1961ರಲ್ಲಿ ಇಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಡಿಎಫ್‌ಆರ್‌ಎಲ್ ಸೈನಿಕರಿಗೆಂದು ಇಂಥ ಆಹಾರವನ್ನು ರೂಪಿಸಿತು. ಪದರ ಪದರವಾದ ಗಟ್ಟಿ ಚೀಲದಲ್ಲಿ ಅಡುಗೆ ತುಂಬಿ, ಮೊಹರು ಮಾಡಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಒಳಗಿನ ಸೂಕ್ಷ್ಮಾಣುಗಳು ಸತ್ತು, ಹೊರಗಿನವು ಒಳಬಾರದಂತೆ ಆಗುವುದರಿಂದ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಇದಕ್ಕೆ ಸಂರಕ್ಷಕ ರಾಸಾಯನಿಕ ಬೇಕಾಗುವುದೂ ಇಲ್ಲ. ಚೀಲಕ್ಕೆ ಸೂಜಿಮೊನೆಯಷ್ಟು ತೂತು ಬಿದ್ದರೂ ಈ ಇಡೀ ಏರ್ಪಾಡು ಕೆಟ್ಟಿತು. ಆದ್ದರಿಂದ ಕೊಳ್ಳುವಾಗ ಹೊರಗಿನ ರಟ್ಟಿನ ಪೆಟ್ಟಿಗೆಯನ್ನು ಒತ್ತಿ ನೋಡಿ. ಒಳಗಿನ ಪೌಚು ಉಬ್ಬಿದಂತಿದ್ದರೆ ಬೇಡ. ಪೆಟ್ಟಿಗೆಯ ಮೂಲೆಯಲ್ಲಿ ಎಣ್ಣೆ ಕಲೆ ಇದ್ದರೆ ಬೇಡ. ಮನೆಗೆ ತಂದ ಮೇಲೆ ಪೌಚನ್ನು ಹೊರಗೆ ತೆಗೆದು ಅಂಚಿನ ಮೊಹರಿನ ಮೇಲೆ ಬೆರಳಾಡಿಸಿ. ಎಲ್ಲಾದರೂ ಸುಕ್ಕು, ಸೀಳು, ಮಡಿಕೆಯ ಜಾಗದಲ್ಲಿ ಬಿರುಕು ಸಿಕ್ಕಿದರೆ ಅಂಗಡಿಗೆ ಹಿಂದಿರುಗಿಸಿ. ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಾಗಿ ಕಟ್ಟುವುದು, ಪೌಚು ಮಡಚಿ ತುರುಕುವುದು ಇವೆರಡೂ ಬೇಡ.

ತಗಡಿನ ಡಬ್ಬವಾದರೆ ಉಬ್ಬಿದ್ದನ್ನು, ಒತ್ತಿದಾಗ ಟಕ್ಕೆಂದು ಒಳಹೋಗಿ ಹೊರಬರುವುದನ್ನು, ಅಂಚಿನ ಹೊಲಿಗೆಯ ಮೇಲೆ ಜಜ್ಜಿದ್ದನ್ನು ತಗೋಬೇಡಿ. ಉಬ್ಬಿದ ಡಬ್ಬ ತೆರೆದು "ಸ್ವಲ್ಪ ರುಚಿ ನೋಡೋಣ" ಎನ್ನುವುದಂತೂ ಅಪಾಯ. ಒಳಗೆ ಬೆಳೆದ ಸೂಕ್ಷ್ಮಾಣುಗಳು ಬಿಡುವ ಬಾಟುಲಿಸಂ ವಿಷ ನಾಲಿಗೆಗೆ ಗೊತ್ತಾಗುವುದಿಲ್ಲ.

ಲೇಬಲ್ಲಿನಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯೇ? ತಯಾರಾದ ದಿನ ಯಾವುದು, ಎಷ್ಟು ದಿನ ಬಾಳುತ್ತದೆ? ರಿಯಾಯಿತಿಯಲ್ಲಿ ಸಿಗುವ "ಒಂದಕ್ಕೊಂದು ಉಚಿತ" ಪೆಟ್ಟಿಗೆಗಳಿಗೆ ಎಷ್ಟೋ ಸಲ ಎರಡು ತಿಂಗಳ ಆಯಸ್ಸು ಮಾತ್ರ ಉಳಿದಿರುತ್ತದೆ. ಈ ವಾರವೇ ತಿನ್ನಲು ಅದು ಸರಿ, ದಾಸ್ತಾನಿಗೆ ಸಲ್ಲದು. ಮೂರನೆಯದು ಸೋಡಿಯಂ. ಅಲ್ಲಿ ಕೊಟ್ಟಿರುವ ಮಿಲಿಗ್ರಾಂ ಲೆಕ್ಕವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಎಂದು ಗೊತ್ತಾಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಟ್ಟು 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ. ಬಿಪಿ ಇರುವವರಿಗೆ ಪೌಚು, ಉಪ್ಪಿನಕಾಯಿ, ನೂಡಲ್ಸ್ ಮೂರೂ ಒಂದೇ ದಿನ ಬೇಡ. ಉಪ್ಪು ಹೆಚ್ಚಾದಷ್ಟೂ ನೀರಡಿಕೆ ಹೆಚ್ಚು ಎಂಬುದೂ ಲೆಕ್ಕಕ್ಕೆ ಬರಬೇಕು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಯವರು ಪದಾರ್ಥಗಳ ಪಟ್ಟಿ ಓದದೆ ಕೊಳ್ಳಬೇಡಿ, ಪೊಂಗಲ್‌ನಲ್ಲೂ ಹಾಕುವವರಿದ್ದಾರೆ.

ಹಾಲು: ನಂದಿನಿ ಪಾರ್ಲರಿನಲ್ಲಿ ಸಿಗುವ ಗುಡ್‌ಲೈಫ್ ಹಾಲು ಒಡೆಯುವವರೆಗೆ ಫ್ರಿಜ್ ಕೇಳುವುದಿಲ್ಲ. ಪ್ಯಾಕಿನ ಬಗೆ ನೋಡಿಕೊಂಡು ಅದರ ಬಾಳಿಕೆ ಬದಲಾಗುತ್ತದೆ, ದಿನಾಂಕ ನೋಡಿ ತನ್ನಿ. ಒಂದು ಲೀಟರಿನ ದೊಡ್ಡ ಪ್ಯಾಕು ಬೇಡ. ತೆರೆದ ಮೇಲೆ ಕರೆಂಟು ಇಲ್ಲದ ಮನೆಯಲ್ಲಿ ಅದು ಮಾಮೂಲಿ ಹಾಲಿನ ಹಾಗೇ ಕೆಡುತ್ತದೆ. ಒಂದೇ ಹೊತ್ತಿಗೆ ಮುಗಿಯುವ ಸಣ್ಣ ಪ್ಯಾಕುಗಳೇ ಸರಿ.

ಬೆಲ್ಲ: ಮಂಡ್ಯದವರಿಗೆ ಹೇಳಿಕೊಡಬೇಕಾದದ್ದಲ್ಲ, ಆದರೂ ದಾಸ್ತಾನಿಗೆ ಅಚ್ಚು ಬೆಲ್ಲ ಬಕೆಟ್ ಬೆಲ್ಲಕ್ಕಿಂತ ಅನುಕೂಲ. ಬಕೆಟ್ ಬೆಲ್ಲ ಒಡೆಯಲು ಕುಟ್ಟಾಣಿ ಬೇಕು, ಒಡೆದ ಮುಖದಿಂದ ತೇವ ಹೀರುತ್ತದೆ. ಮಳೆಗಾಲದಲ್ಲಿ ಬೆಲ್ಲ ಬೆವರಿ ಪಾಕವಾಗುವುದು ಗಾಳಿಯ ತೇವಕ್ಕೆ. ಒಂದೊಂದು ಅಚ್ಚನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿಟ್ಟರೆ ಆರು ತಿಂಗಳು ಹಾಗೇ ಇರುತ್ತದೆ.

ಹುರಿಹಿಟ್ಟು ಮನೆಯಲ್ಲೇ

ಕೊಂಡ ಹುರಿಹಿಟ್ಟಿನಲ್ಲಿ ಸಕ್ಕರೆ ಮೊದಲೇ ಬೆರೆಸಿರುವುದು ಹೆಚ್ಚು. ಸಕ್ಕರೆ, ಬೆಲ್ಲ ಬೆರೆತ ಹಿಟ್ಟು ತೇವ ಹೀರಿ ಬೇಗ ಗಂಟಾಗುತ್ತದೆ, ಸಕ್ಕರೆ ಕಾಯಿಲೆಯವರಿಗೂ ಆಗದು. ಸಪ್ಪೆಯದು ಸಿಕ್ಕರೆ ತನ್ನಿ, ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಿ.

ಎರಡು ಕೆ.ಜಿ. ರಾಗಿಯನ್ನು ಕಲ್ಲು ತೆಗೆದು ತೊಳೆದು, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಬಿಡಿ. ಮೊಳಕೆ ಒಡೆಯುವಷ್ಟು ಹೊತ್ತು ಬೇಡ. ಬೆಳಗ್ಗೆ ನೆರಳಲ್ಲಿ ಹರವಿ, ಕೈಗೆ ಅಂಟದಷ್ಟು ಮಾತ್ರ ಆರಿಸಿ. ಒಳಗೆ ಉಳಿದ ತೇವವೇ ಆವಿಯಾಗಿ ಕಾಳನ್ನು ಅರಳಿಸುವುದು. ಪೂರ್ತಿ ಒಣಗಿದರೆ ಅರಳದೆ ಸೀಯುತ್ತದೆ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಹಿಡಿ, ಒಂದೇ ಹಿಡಿ ಹಾಕಿ, ಬಟ್ಟೆ ಉಂಡೆಯಿಂದ ಬಿಡದೆ ಆಡಿಸಿ. ಅರ್ಧ ನಿಮಿಷದಲ್ಲಿ ಪಟಪಟ ಎಂದು ಬಿಳಿಯ ಅರಳು ಚಿಮ್ಮುತ್ತದೆ. ಸದ್ದು ಇಳಿಯುತ್ತಿದ್ದಂತೆ ತೆಗೆಯಬೇಕು, ನಿಲ್ಲುವವರೆಗೆ ಕಾದರೆ ತಳದ್ದು ಕಪ್ಪಾಗಿ ಹಿಟ್ಟಿಗೆಲ್ಲ ಕಹಿ ಬರುತ್ತದೆ. ಬೇಗ ಮುಗಿಯಲೆಂದು ಒಂದು ಪಾವು ಸುರಿದರೆ ಬಾಣಲೆ ತಣ್ಣಗಾಗಿ ಕಾಳು ಬರೀ ಹುರಿಯುತ್ತದೆ, ಅರಳುವುದಿಲ್ಲ. ಎಲ್ಲ ಅರಳಲೇಬೇಕೆಂದಿಲ್ಲ, ಅರಳದ್ದೂ ಚೆನ್ನಾಗಿ ಹುರಿದಿದ್ದರೆ ಸಾಕು.

ಪೂರ್ತಿ ಆರಿದ ಮೇಲೆ ಎರಡು ಏಲಕ್ಕಿ ಸೇರಿಸಿ ಮಿಲ್ಲಿಗೆ ಕೊಡಿ. ಖಾರದಪುಡಿ ಬೀಸಿದ ಕಲ್ಲಿಗೆ ಹಾಕಿಸಬೇಡಿ. ಕಲ್ಲಿನಿಂದ ಮೊದಲು ಬೀಳುವ ಒಂದೆರಡು ಹಿಡಿಯನ್ನು ಬೇರೆ ತೆಗೆದಿಡಿ. ಅದರಲ್ಲಿ ಹಿಂದಿನವರ ಹಸಿ ಹಿಟ್ಟು, ಅದರ ಜೊತೆ ಹುಳುವಿನ ಮೊಟ್ಟೆ ಬಂದಿರುತ್ತದೆ, ದಾಸ್ತಾನು ಕೆಡುವುದು ಅಲ್ಲಿಂದಲೇ. ಮಿಲ್ಲಿನಿಂದ ಬಂದ ಹಿಟ್ಟು ಬಿಸಿ ಇರುತ್ತದೆ. ಹಾಗೇ ಡಬ್ಬಕ್ಕೆ ತುಂಬಿದರೆ ಮುಚ್ಚಳದ ಒಳಗೆ ಬೆವರು ಕೂತು, ಹನಿ ಬಿದ್ದ ಕಡೆ ಗಂಟು, ಗಂಟಿನಲ್ಲಿ ಬೂಷ್ಟು. ಹತ್ತಿ ಬಟ್ಟೆಯ ಮೇಲೆ ಹರವಿ ತಣ್ಣಗಾದ ಮೇಲೆ 250 ಗ್ರಾಮಿನ ದಪ್ಪ ಕವರುಗಳಿಗೆ ತುಂಬಿ, ಗಾಳಿ ಒತ್ತಿ ತೆಗೆದು ಮೊಹರು ಮಾಡಿ, ದಿನಾಂಕ ಬರೆದು, ಎಲ್ಲವನ್ನೂ ಒಂದು ದೊಡ್ಡ ಡಬ್ಬದಲ್ಲಿಡಿ. ಮೂರು ತಿಂಗಳೊಳಗೆ ಬಳಸಬೇಕು. ಆಮೇಲೆ ಹಿಟ್ಟಿಗೆ ಕಮಟು ವಾಸನೆ ಶುರುವಾಗುತ್ತದೆ.

ತಿನ್ನುವಾಗ 50 ಗ್ರಾಂ ಹಿಟ್ಟಿಗೆ ಒಂದು ಲೋಟ ನೀರು ಅಥವಾ ಹಾಲು, ಕುಟ್ಟಿದ ಬೆಲ್ಲ. ಇಲ್ಲವೇ ಉಪ್ಪು, ಮಜ್ಜಿಗೆ. ಹಲ್ಲಿಲ್ಲದ ಅಜ್ಜಿ, ತಾತನಿಗೆ ಇದಕ್ಕಿಂತ ಸಲೀಸಾದ ತುರ್ತು ಊಟ ಇಲ್ಲ.

ಅವಲಕ್ಕಿಗೂ ಇಷ್ಟೇ ಕಾಳಜಿ. ತೆಳು ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಬೆಚ್ಚಗೆ ಮಾಡಿ, ಆರಿಸಿ ತುಂಬಿದರೆ ಹುಳು ಹಿಡಿಯುವುದಿಲ್ಲ, ತಿನ್ನುವಾಗ ನೀರು ಚಿಮುಕಿಸಿದರೆ ಸಾಕು. ಮಧ್ಯಮ ಅವಲಕ್ಕಿ ಗೊಜ್ಜಿಗೆ. 250 ಗ್ರಾಮನ್ನು ಮಿಕ್ಸಿಯಲ್ಲಿ ತರಿಯಾಗಿ ಒಡೆದು ಇಟ್ಟುಕೊಂಡಿದ್ದರೆ, ಒಂದು ಲೋಟ ನೀರಿನಲ್ಲಿ ಎರಡು ಚಮಚ ಪುಳಿಯೋಗರೆ ಗೊಜ್ಜು, ಚೂರು ಬೆಲ್ಲ ಕದಡಿ ಅದರ ಮೇಲೆ ಸುರಿದು ಹದಿನೈದು ನಿಮಿಷ ಮುಚ್ಚಿಟ್ಟರೆ ಗೊಜ್ಜವಲಕ್ಕಿ ಸಿದ್ಧ. ಮೇಲೆ ಕಡಲೆಕಾಯಿ ಬೀಜ. ಒಣಕೊಬ್ಬರಿ ಮೊದಲೇ ಬೆರೆಸಿಡಬೇಡಿ, ಅದರ ಎಣ್ಣೆ ಕಮಟಾಗಿ ಇಡೀ ಡಬ್ಬ ಹಾಳು.

ಇಡುವ ಜಾಗ

ಸಾಮಾನು ಹೆಚ್ಚಾಯಿತೆಂದು ಎಲ್ಲರ ಕೈಯೂ ಮೊದಲು ಹೋಗುವುದು ಸಜ್ಜೆಯ ಮೇಲಕ್ಕೆ. ಮೇಲಿನ ಅಂತಸ್ತಿನ ಆರ್‌ಸಿಸಿ ಸೂರು ಏಪ್ರಿಲ್‌ನಲ್ಲಿ ಸಂಜೆವರೆಗೂ ಕಾವು ಬಿಡುತ್ತಲೇ ಇರುತ್ತದೆ. ಕಾವು ಹತ್ತು ಡಿಗ್ರಿ ಏರಿದರೆ ಪದಾರ್ಥ ಕೆಡುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಒಂದು ವರ್ಷ ಬಾಳಬೇಕಾದ ಬಿಸ್ಕತ್ತು, ಹಾಲಿನ ಪುಡಿ ಅಲ್ಲಿ ಆರು ತಿಂಗಳಿಗೇ ರುಚಿಗೆಡುವುದು ಇದರಿಂದ. ಒಲೆಯ ಪಕ್ಕದ ಕಪಾಟು, ಫ್ರಿಜ್ಜಿನ ಹಿಂದಿನ ಸಂದು, ಸಿಂಕಿನ ಕೆಳಗೆ, ಇವೂ ಬೇಡ. ನೆಲಮಟ್ಟದ ಕೋಣೆಯ ಉತ್ತರದ ಗೋಡೆ, ಮಂಚದ ಕೆಳಗೆ, ದೇವರಮನೆಯ ಪಕ್ಕದ ಕತ್ತಲ ಮೂಲೆ, ಇಂಥ ತಣ್ಣನೆ ಜಾಗ ಹುಡುಕಿ. ನೆಲಕ್ಕೆ ನೇರವಾಗಿ ಇಡದೆ ಮರದ ಹಲಗೆ ಹಾಕಿ, ಗೋಡೆಯಿಂದ ನಾಲ್ಕು ಬೆರಳು ಬಿಡಿ. ಹಿಂದೆ ಈ ಕಡೆಯ ಹಳ್ಳಿಗಳಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದುದರ ಗುಟ್ಟೂ ಇದೇ: ತಂಪು, ಕತ್ತಲೆ, ಗಾಳಿಯಾಡದ ಜಾಗ.

ಹುಳು ಹೊರಗಿನಿಂದ ಬರುತ್ತದೆ ಎಂಬುದು ಅರ್ಧ ಸತ್ಯ. ರವೆ, ಹುರಿಗಡಲೆಯ ಜೊತೆ ಮೊಟ್ಟೆ ಅಂಗಡಿಯಿಂದಲೇ ಬಂದಿರುತ್ತದೆ. ತಂದ ದಿನವೇ ಪೊಟ್ಟಣವನ್ನು ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಸಾಯುತ್ತವೆ. ಹೊರತೆಗೆದ ಮೇಲೆ ಪೊಟ್ಟಣ ಪೂರ್ತಿ ಬೆಚ್ಚಗಾಗುವವರೆಗೆ ಬಿಚ್ಚಬೇಡಿ. ತಣ್ಣಗಿರುವಾಗ ಬಿಚ್ಚಿದರೆ ಗಾಳಿಯ ತೇವ ಒಳಗೆ ಇಳಿದು ಮುಗ್ಗಲು ಹಿಡಿಯುತ್ತದೆ. ಬೇವಿನ ಸೊಪ್ಪು ಬೇಳೆಕಾಳಿಗೆ ಸರಿ, ತಿನ್ನಲು ಸಿದ್ಧವಾದ ಪದಾರ್ಥಕ್ಕೆ ಕಹಿ ಮಾತ್ರ ಉಳಿಯುತ್ತದೆ. ಕಡಲೆಕಾಯಿ ಬೀಜದಲ್ಲಿ ಕಪ್ಪಾದದ್ದು, ಬೂಷ್ಟು ಬಂದದ್ದು, ಕಹಿಯಾದದ್ದು ಕಂಡರೆ ಆರಿಸಿ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಹೋಗುವುದಿಲ್ಲ. ಹುರಿದ ಬೀಜ ಎರಡು ತಿಂಗಳಿಗಿಂತ ಹೆಚ್ಚು ಇಡದೆ ತಿಂದು ಮುಗಿಸಿ, ಹೊಸದು ಹುರಿಯಿರಿ.

ಶ್ರೀರಂಗಪಟ್ಟಣ, ನಂಜನಗೂಡು, ಟಿ. ನರಸೀಪುರದ ಹೊಳೆದಂಡೆಯ ಮನೆಯವರಿಗೆ ಮೇಲಿನ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕೆಆರ್‌ಎಸ್ ಅಣೆಕಟ್ಟು 124.80 ಅಡಿ ತುಂಬಿ, ಅಥವಾ ಕಪಿಲೆಯ ಕಬಿನಿ ಅಣೆಕಟ್ಟು ತುಂಬಿ, ಹೊರಹರಿವು ಹೆಚ್ಚಿಸುತ್ತೇವೆಂಬ ಎಚ್ಚರಿಕೆ ಬಂದರೆ ಮನೆಯನ್ನೇ ಬಿಡಬೇಕಾಗಬಹುದು. ದಾಸ್ತಾನಿನಲ್ಲಿ ಎರಡು ದಿನದ್ದನ್ನು ಮೊದಲೇ ಬೇರೆ ಮಾಡಿ, ಒಬ್ಬರು ಒಂದು ಕೈಯಲ್ಲಿ ಎತ್ತುವಂಥ ಚೀಲದಲ್ಲಿ ಬಾಗಿಲ ಬಳಿ ಇಡಿ. ಉಳಿದದ್ದು ಎತ್ತರದಲ್ಲಿರಲಿ, ಕಾವಿನ ಮಾತು ಆಗ ಎರಡನೆಯದು. ಪ್ರವಾಹದ ನೀರು ತಾಗಿದ ಅವಲಕ್ಕಿ, ಹಿಟ್ಟು, ಟೆಟ್ರಾ ಪ್ಯಾಕು, ತಿರುಗಿಸುವ ಮುಚ್ಚಳದ ಬಾಟಲಿ ಎಲ್ಲವನ್ನೂ ಎಸೆಯಬೇಕು. ಪೌಚು, ತಗಡಿನ ಡಬ್ಬ ಗಟ್ಟಿಯಾಗಿದ್ದರೆ ಕಾಗದದ ಲೇಬಲ್ ಕಿತ್ತು, ಸೋಪಿನಲ್ಲಿ ತೊಳೆದು, ಬ್ಲೀಚಿಂಗ್ ಪುಡಿಯ ತಿಳಿನೀರಿನಲ್ಲಿ ಕಾಲು ಗಂಟೆ ಮುಳುಗಿಸಿ ಒಣಗಿಸಿದ ಮೇಲೆ ಬಳಸಬಹುದು.

ಉರಿ ಮತ್ತು ಪಾತ್ರೆ

14.2 ಕೆ.ಜಿ. ಸಿಲಿಂಡರ್ ಎರಡಿದ್ದರೆ ಚಿಂತೆ ಇಲ್ಲ. ಒಂದೇ ಇರುವವರು 5 ಕೆ.ಜಿ. ಸಣ್ಣ ಸಿಲಿಂಡರ್ ತೆಗೆದಿಡುವುದು ಒಳ್ಳೆಯದು. ಇಂಡಕ್ಷನ್ ಸ್ಟವ್ ಇದೆಯಲ್ಲ ಎನ್ನಬೇಡಿ. ಅದು 1,800ರಿಂದ 2,000 ವ್ಯಾಟ್ ಎಳೆಯುತ್ತದೆ, ಮನೆಯ ಮಾಮೂಲಿ ಇನ್ವರ್ಟರ್ ತಡೆಯುವುದಿಲ್ಲ. ಇದ್ದಿಲ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಲೇಬೇಡಿ, ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಪೌಚು ಬಿಸಿ ಮಾಡುವುದಾದರೆ ತೆರೆಯದೆ ಕುದಿಯುವ ನೀರಿನಲ್ಲಿ ಮೂರರಿಂದ ಐದು ನಿಮಿಷ. ಹೊರಮೈ ಶುಚಿಯಾಗಿದ್ದರೆ ಅದೇ ನೀರು ಕಾಫಿಗೂ ಆಗುತ್ತದೆ, ಚೆಲ್ಲಬೇಡಿ. ಬಿಸಿ ಮಾಡದೆಯೂ ತಿನ್ನಬಹುದು, ತುಪ್ಪ ಹೆಚ್ಚಿರುವ ಪೊಂಗಲ್, ಹಲ್ವ ಮಾತ್ರ ತಣ್ಣಗಿದ್ದರೆ ಬಾಯಿಗೆ ಜಿಡ್ಡು ಮೆತ್ತುತ್ತದೆ. ಅಂಥವನ್ನು ಕಡಿಮೆ ಕೊಳ್ಳಿ.

ಅಡಿಕೆ ಹಾಳೆ ತಟ್ಟೆ ಅಥವಾ ಮುತ್ತುಗದ ಎಲೆ ಅರವತ್ತು ಇಟ್ಟುಕೊಂಡರೆ ಐದು ದಿನ ತಟ್ಟೆ ತೊಳೆಯುವ ನೀರು ಉಳಿಯುತ್ತದೆ. ಕತ್ತರಿ, ಡಬ್ಬ ತೆರೆಯುವ ಉಪಕರಣ, ಎರಡು ಬೆಂಕಿಪೆಟ್ಟಿಗೆ ಪ್ಲಾಸ್ಟಿಕ್ ಕವರಿನಲ್ಲಿ, ಟಾರ್ಚು, ಒಆರ್‌ಎಸ್ ಪೊಟ್ಟಣ, ಮನೆಯವರ ನಿತ್ಯದ ಮಾತ್ರೆಗಳು ಒಂದು ವಾರಕ್ಕಾಗುವಷ್ಟು, ಇವೂ ಅದೇ ಡಬ್ಬದಲ್ಲಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಸಕ್ಕರೆ ಕುಸಿದಾಗ ಕೊಡಲು ಗ್ಲೂಕೋಸ್ ಪುಡಿ.

ಆರು ತಿಂಗಳೊಳಗಿನ ಮಗುವಿಗೆ ತಾಯಿಯ ಹಾಲು ಮಾತ್ರ. ಹಾಗಾಗಿ ಹೆಚ್ಚು ನೀರು, ಹೆಚ್ಚು ಊಟ ತಾಯಿಯ ಪಾಲಿಗೆ ಬರೆಯಿರಿ. ಪುಡಿ ಹಾಲು ಕುಡಿಯುವ ಮಗುವಾದರೆ ಕುದಿಸಿದ ನೀರು ಅದಕ್ಕೇ ಮೀಸಲು. ರಾಗಿ ಸರಿಗೆ ಉರಿ ಬೇಕು ಎಂಬುದು ಮರೆತುಹೋಗುತ್ತದೆ. ಗ್ಯಾಸಿನ ಮೊದಲ ಪಾಲು ಅದಕ್ಕೆ.

ಕರೆಂಟು ಹೋದ ದಿನದಿಂದ

ಡಬ್ಬಕ್ಕೆ ತಕ್ಷಣ ಕೈ ಹಾಕಬೇಡಿ. ಮುಚ್ಚಿದ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ. ಮೊದಲು ಹಾಲು, ಹಿಂದಿನ ದಿನದ ಸಾರು, ದೋಸೆಹಿಟ್ಟು, ಮೊಸರು. ಆಮೇಲೆ ಬ್ರೆಡ್, ಬಾಳೆಹಣ್ಣು. ಎರಡನೆಯ ದಿನದಿಂದ ಪೌಚು, ಅವಲಕ್ಕಿ. ಒಣ ತಿಂಡಿ ಕೊನೆಗೆ. ಒಡೆದ ಪೌಚನ್ನು ಎರಡು ಗಂಟೆಯೊಳಗೆ ಮುಗಿಸಿ, ರಾತ್ರಿಗೆಂದು ಎತ್ತಿಡಬೇಡಿ. ಹುಣಸೆ ಹುಳಿ ಇರುವ ಪುಳಿಯೋಗರೆ ಬೆಳಗ್ಗೆ ಕಲಸಿದರೆ ರಾತ್ರಿವರೆಗೆ ನಿಲ್ಲುತ್ತದೆ, ಬೇಳೆ ತರಕಾರಿ ಬಿದ್ದ ಬಿಸಿಬೇಳೆಬಾತ್ ಸಂಜೆಗೇ ಹಳಸುತ್ತದೆ.

ದಾಸ್ತಾನನ್ನು ತಿರುಗಿಸುವುದಕ್ಕೆ ಹೊಸ ಕ್ಯಾಲೆಂಡರು ಬೇಡ. ಯುಗಾದಿಗೆ ಮನೆ ಸಾರಿಸುವಾಗ ಒಮ್ಮೆ, ಮುಂಗಾರು ಹಿಡಿಯುವ ಮುನ್ನ ಜೂನ್ ಮೊದಲಲ್ಲಿ ಒಮ್ಮೆ, ಆಯುಧಪೂಜೆಯ ಸ್ವಚ್ಛತೆಯಲ್ಲಿ ಒಮ್ಮೆ, ಸಂಕ್ರಾಂತಿಗೆ ಒಮ್ಮೆ ಡಬ್ಬ ಬಿಚ್ಚಿ. ಸಂಕ್ರಾಂತಿಗಂತೂ ಹುರಿಗಡಲೆ, ಕಡಲೆಕಾಯಿ ಬೀಜ, ಬೆಲ್ಲ ಎಳ್ಳುಬೆಲ್ಲಕ್ಕೆ ಹೇಗೂ ಬೇಕು. ದಾಸ್ತಾನಿನದನ್ನು ಅದಕ್ಕೆ ಬಳಸಿ, ಹೊಸದನ್ನು ಡಬ್ಬಕ್ಕೆ ತುಂಬಿ. ಮುಂದಿನ ಮೂರು ತಿಂಗಳಲ್ಲಿ ಅವಧಿ ಮುಗಿಯುವ ಪೌಚುಗಳನ್ನು ಅಡುಗೆಮನೆಗೆ ಇಳಿಸಿ, ಭಾನುವಾರದ ರಾತ್ರಿಗೆ ಮುಗಿಸಿ. ಮನೆಯವರು ಆಗ ಯಾವ ಪೌಚನ್ನು ತಟ್ಟೆಯಲ್ಲೇ ಬಿಟ್ಟರೋ ಅದನ್ನು ಮುಂದಿನ ಸಲ ಪಟ್ಟಿಯಿಂದ ತೆಗೆದುಬಿಡಿ. ಪಟ್ಟಿಯನ್ನು ಡಬ್ಬದ ಮುಚ್ಚಳದ ಒಳಗೆ ಅಂಟಿಸಿ: ಪದಾರ್ಥ, ಎಷ್ಟು, ಯಾವ ತಿಂಗಳಿಗೆ ಮುಗಿಯುತ್ತದೆ, ಎಷ್ಟು ನೀರು ಬೇಕು. ಪೆನ್ಸಿಲ್ಲಿನಲ್ಲಿ ಬರೆಯಿರಿ, ಮಧ್ಯೆ ಯಾರಾದರೂ ಬಿಸ್ಕತ್ತು ತೆಗೆದರೆ ಅಳಿಸಿ ತಿದ್ದಲು.